ಮಿಲಿಟ್ರಿ ಗ್ಯಾಂಗಿಗೆ ಸೇರಿದ ನನ್ನ ತಮ್ಮ

ನನ್ನ ತಮ್ಮ ಮಿಲಿಟ್ರಿಯಿಂದ ಬರುವಾಗ ಒಂದು ಕರಿ ಟ್ರಂಕು, ಒಂದು ಹಾಸಿಗೆ ಸುರುಳಿ ತಂದ. ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದ. ಗುಂಡು ಹಾರಿಸಲು ಕಲಿಸುವ ಬಯಲಿನಲ್ಲಿ ಪಕ್ಕದಲ್ಲೇ ಏನೋ ಸಿಡಿದು ಆ ಕಿವಿ ಬಂದಾಗಿತ್ತು. ಡಾಕ್ಟರು ನೋಡಿದರು, ಡಾಕ್ಟರ ಮೇಲಿನವರು ನೋಡಿದರು, ಕೊನೆಗೆ ಬೆನ್ನು ತಟ್ಟಿ ಮನೆಗೆ ಕಳಿಸಿದರು. ಇನ್ನೂ ಮೂವತ್ತು ತುಂಬದವನು. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ದೇವಣಗಾಂವದ ಕಡೆಯ ನಮ್ಮ ಊರಲ್ಲಿ ಅವನ ದಾರಿ ಕಾಯುವವರು ಯಾರೂ ಇರಲಿಲ್ಲ. ಸೀದಾ ಸಿಂದಗಿಗೆ, ನನ್ನ ಖಾನಾವಳಿಗೇ ಬಂದ.

ನಾನು ಬಿ.ಎ. ಓದಿದವಳು. ಗಂಡ ಅನ್ನಿಸಿಕೊಂಡವನು ಪುಣೆಗೆ ಕೆಲಸಕ್ಕೆ ಹೋಗಿ ಪುಣೆಯವನೇ ಆಗಿಬಿಟ್ಟ ಮೇಲೆ, ನೌಕರಿಗೆ ಅರ್ಜಿ ಹಾಕುತ್ತ ಕೂರುವುದಕ್ಕಿಂತ ರೊಟ್ಟಿ ಬಡಿಯುವುದು ಮೇಲು ಅಂತ ಬಸ್‌ಸ್ಟ್ಯಾಂಡಿನ ಹಿಂದೆ ಬೆಂಚು ಹಾಕಿ ಕೂತೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಇಂಡಿ ಕಡೆಯ ನಿಂಬೆಹಣ್ಣಿನ ಉಪ್ಪಿನಕಾಯಿ, ಗಟ್ಟಿ ಮೊಸರು. ನನ್ನ ಕೈರುಚಿಯ ಬಗ್ಗೆ ಜನ ಎರಡು ಥರ ಮಾತಾಡಬಹುದು, ಬಾಯಿಯ ಬಗ್ಗೆ ಮಾತ್ರ ಎಲ್ಲರದೂ ಒಂದೇ ಮಾತು. ಅದು ಜೋರು. ಜೋರಿರದೆ ಹೆಂಗಸೊಬ್ಬಳು ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸಿ ತೋರಿಸಲಿ, ನಾನೂ ನೋಡುತ್ತೇನೆ.

ತಮ್ಮ ಬಂದ ಮೇಲೆ ಆ ಜೋರಿಗೆ ಒಂದು ಲೆಕ್ಕ ಬಂತು. ಬೈಯಬೇಕಾದರೆ ಅವನ ಬಲಗಡೆ ನಿಂತು ಬೈಯುತ್ತಿದ್ದೆ. ಮುದ್ದು ಬಂದರೆ ಎಡಗಡೆಗೆ ಹೋಗಿ, ಅವನು ಉಣ್ಣುತ್ತಿರುವಾಗ, “ನನ್ನ ಬಂಗಾರ, ಸಾವಕಾಶ ಉಣ್ಣು” ಅನ್ನುತ್ತಿದ್ದೆ. ಅವನಿಗೆ ಕೇಳುತ್ತಿರಲಿಲ್ಲ, ನನ್ನ ಮರ್ಯಾದೆಯೂ ಹೋಗುತ್ತಿರಲಿಲ್ಲ.

ಅವನ ಮಿಲಿಟ್ರಿ ಮಾತ್ರ ಕಿವಿಯ ಹಾಗೆ ಹಿಂದೆ ಉಳಿದಿರಲಿಲ್ಲ. ಬಂದ ವಾರದೊಳಗೆ ನನ್ನ ತಾಟುಗಳು ಸಾಲಾಗಿ ನಿಂತವು. ನೀರಿನ ಚರಿಗೆಗಳು ಎತ್ತರದ ಪ್ರಕಾರ ನಿಂತವು. ಉಣ್ಣಲು ಬಂದವರನ್ನೂ ಬೆಂಚಿನ ಮೇಲೆ ಸಮ ಅಂತರದಲ್ಲಿ ಕೂರಿಸತೊಡಗಿದ. ಬಸವನ ಬಾಗೇವಾಡಿಯ ಜೋಳದ ವ್ಯಾಪಾರಿಯೊಬ್ಬರು, “ಏ ಅಕ್ಕಾರ, ನಿಮ್ಮಲ್ಲಿ ಉಣ್ಣಾಕ ಬಂದ್ರ ಭರ್ತಿಗೆ ಬಂದಂಗ ಆಗತೈತಿ” ಅಂದರು. ಅಂದರೂ ಮರುವಾರ ಮತ್ತೆ ಬಂದು, ತಾವಾಗಿಯೇ ನೆಟ್ಟಗೆ ಕೂತು ಉಂಡು ಹೋದರು.

ನಗು ಇಷ್ಟೇ. ನೌಕರಿ ಸಿಗಲಿಲ್ಲ. ಬ್ಯಾಂಕಿನ ಬಾಗಿಲು ಕಾಯುವ ಕೆಲಸಕ್ಕೆ ಹೋದ, ಕಿವಿ ನೋಡಿ ಬೇಡ ಅಂದರು. ಸಕ್ಕರೆ ಫ್ಯಾಕ್ಟರಿಯ ಗೇಟಿಗೆ ಹೋದ, ಅಲ್ಲೂ ಕಿವಿ. ಒಂದು ಸಲ ರೇಗಿ, “ಅಕ್ಕಾ, ಗೇಟು ಏನು ಕಿವ್ಯಾಗ ಬಂದು ಮಾತಾಡತೈತೇನು?” ಅಂತ ಕೇಳಿದ. ಮಧ್ಯಾಹ್ನದ ಊಟ ಮುಗಿದು ಖಾನಾವಳಿ ಖಾಲಿಯಾದ ಮೇಲೆ ಬೆಂಚಿನ ತುದಿಯಲ್ಲಿ ಕೂತು ರಸ್ತೆ ನೋಡುತ್ತಿದ್ದ. ಬೆನ್ನು ಮಾತ್ರ ಆಗಲೂ ನೆಟ್ಟಗೇ ಇರುತ್ತಿತ್ತು.

ಆಗಲೇ ಧಣಿ ಬಂದದ್ದು.

ಭೀಮಾ ಹೊಳೆಯ ದಂಡೆಯಲ್ಲಿ ಲಾರಿಗಟ್ಟಲೆ ಉಸುಕು ಎತ್ತುವವನು ಅವನು. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ನಾನೂ ಕರೆಯುವುದಿಲ್ಲ. ಅವನ ಹುಡುಗರ ಗ್ಯಾಂಗು ಮೊದಲಿನಿಂದಲೂ ಇತ್ತು. ಕುಡಿದು ಸಂತೆಗೆ ಬರುತ್ತಿದ್ದರು, ಒದರುತ್ತಿದ್ದರು, ಒಂದೆರಡು ಗಾಜು ಒಡೆಯುತ್ತಿದ್ದರು, ಪೊಲೀಸರ ಸೀಟಿ ಕೇಳಿದರೆ ಚಪ್ಪಲಿ ಬಿಟ್ಟು ಓಡುತ್ತಿದ್ದರು. ಅವರಿಗೆ ಹೆದರುವುದಕ್ಕಿಂತ ನಾವು ಬೈಯುವುದೇ ಹೆಚ್ಚಿತ್ತು. ಆಮೇಲೆ ಆ ಗ್ಯಾಂಗಿಗೆ ಒಬ್ಬ ಬಂದು ಸೇರಿದ. ಅವನೂ ಮಿಲಿಟ್ರಿಯಲ್ಲಿ ಇದ್ದವನು. ಮೇಲಿನವರ ಮೇಲೆ ಕೈ ಮಾಡಿ ಹೊರಗೆ ಬಿದ್ದವನು ಅಂತ ಮಂದಿ ಹೇಳುತ್ತಿದ್ದರು. ಎಲ್ಲರೂ ಅವನನ್ನು ಫೌಜಿ ಅನ್ನುತ್ತಿದ್ದರು.

ಫೌಜಿ ಬಂದ ಮೇಲೆ ಹುಡುಗರು ಕುಡಿಯುವುದು ಬಿಟ್ಟರು. ಒದರುವುದನ್ನೂ ಬಿಟ್ಟರು. ನಿಜವಾದ ಹೆದರಿಕೆ ಶುರುವಾದದ್ದು ಆಗಲೇ. ನಮ್ಮ ಓಣಿಯ ತುದಿಯ ಟಾಯರ್ ಅಂಗಡಿಯವರು ಧಣಿಯ ಲಾರಿಗಳ ಮೇಲೆ ದೂರು ಕೊಟ್ಟಿದ್ದರು. ಒಂದು ದಿನ ಹಾಡಹಗಲಲ್ಲಿ ಕೆಲವರು ಬಂದರು. ಒಬ್ಬ ರಸ್ತೆಯ ಆ ತುದಿಗೆ, ಒಬ್ಬ ಈ ತುದಿಗೆ, ಒಬ್ಬ ಬಾಗಿಲಿಗೆ. ಒಳಗೆ ಹೋದವನು ಎರಡು ಮಾತಾಡಿದ, ಅಷ್ಟೇ. ಸಣ್ಣ ಸೀಟಿಯೊಂದು ಕೇಳಿತು, ಎಲ್ಲರೂ ಬೇರೆ ಬೇರೆ ದಿಕ್ಕಿಗೆ ಹೋದರು. ಒಂದು ಗಾಜೂ ಒಡೆಯಲಿಲ್ಲ. ಅಂಗಡಿಯವರು ಮರುದಿನವೇ ದೂರು ವಾಪಸ್ಸು ತಗೊಂಡರು. ಅವತ್ತಿನಿಂದ ಸಂತೆಯಲ್ಲಿ ಆ ಹುಡುಗರು ಸುಮ್ಮನೆ ಬಂದು ನಿಂತರೂ ಬಳೆ ಅಂಗಡಿಯವರು ಪೆಟ್ಟಿಗೆ ಮುಚ್ಚುತ್ತಿದ್ದರು, ತಾಯಂದಿರು ಮಕ್ಕಳ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಉಣ್ಣುವ ಹಳೇ ಹವಾಲ್ದಾರರು ರೊಟ್ಟಿ ಮುರಿಯುತ್ತ, “ಕುಡುದು ಬಡದಾಡೋರನ್ನ ಹಿಡೀಬಹುದವಾ. ಕಲತು ಬಡಿಯೋರನ್ನ ಹಿಡಿಯೂದು ತ್ರಾಸ. ಇನ್ನೊಬ್ಬ ಅಂಥಾಂವ ಅವರಿಗೆ ಸಿಕ್ಕನಂದ್ರ ನಾವೆಲ್ಲಾ ಬಾಗಲಾ ಹಾಕ್ಕೊಂಡು ಕುಂದರೂದ” ಅಂದಿದ್ದರು.

ಆ ಇನ್ನೊಬ್ಬ ನನ್ನ ಬೆಂಚಿನ ತುದಿಯಲ್ಲಿ ಕೂತಿದ್ದ.

ಧಣಿ ಮಧ್ಯಾಹ್ನ ಬಂದ. ಫೌಜಿ ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. ಧಣಿ ಉಂಡ, ಎಣ್ಣೆಗಾಯಿ ಭಾಳ ಚಲೋ ಆಗೈತಿ ಅಂದ, ಕೈ ತೊಳೆದುಕೊಂಡು ಬಂದು ನನ್ನ ತಮ್ಮನ ಬಲಗಡೆ ಕೂತ. ಯಾವ ಕಿವಿ ಅಂತ ಮೊದಲೇ ವಿಚಾರಿಸಿಕೊಂಡು ಬಂದಿದ್ದಾನೆ, ಹಾಳಾದವನು.

“ನೀ ಏನೂ ಕೈಯಾಗ ಹಿಡಿಯೂದು ಬ್ಯಾಡ ತಮ್ಮಾ. ನಮ್ಮ ಹುಡುಗರಿಗೆ ಬರೇ ಟ್ರೇನಿಂಗ್ ಕೊಡು. ನಿಂದರೂದು, ನಡಿಯೂದು, ಹೇಳಿದ ಮಾತು ಕೇಳೂದು.”

“ವಿಚಾರ ಮಾಡ್ತೇನ್ರಿ” ಅಂದ ನನ್ನ ತಮ್ಮ.

“ಮಾಡು. ಇಲ್ಲೆ ಅಕ್ಕನ ಕೈಯಾಗ ಚರಿಗಿ ತುಂಬ್ಕೋತ ಕುಂತ್ರ ನಿನ್ನ ಯಾರು ಕೇಳ್ತಾರ? ಅಲ್ಲೆ ಬಂದ್ರ ಮಂದಿ ಎದ್ದು ನಿಂದರ್ತಾರ.”

ಧಣಿ ಅತ್ತ ಹೋದದ್ದೇ ತಡ, ನಾನು ಬಲಗಡೆಗೆ ಬಂದೆ. “ವಿಚಾರ ಮಾಡ್ತೇನಿ ಅಂದ್ರ ಏನೋ? ಏನ್ ವಿಚಾರ ಮಾಡಾಂವ? ಒಲ್ಲೆ ಅನ್ನಾಕ ಬಾಯಿ ಬಿದ್ದಿತ್ತೇನು?” ಅಂತ ಶುರುಮಾಡಿ, ಸಂಜೆಯ ಹಿಟ್ಟು ನಾದುವವರೆಗೂ ಬಿಡಲಿಲ್ಲ. ಅವನು ಎಲ್ಲ ಕೇಳಿಸಿಕೊಂಡ. ಕೊನೆಗೆ ಒಂದೇ ಮಾತು ಅಂದ: “ಅಂವ ಹೇಳಿದ್ರಾಗ ಒಂದು ಖರೇ ಐತಿ ಅಕ್ಕಾ. ಇಲ್ಲೆ ನನ್ನ ಯಾರು ಕೇಳ್ತಾರ?” ಉತ್ತರ ಹೊಳೆಯದಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತದೆ, ಹಾಗಾಗಿ ಮತ್ತಷ್ಟು ಬೈದೆ.

ಅದೇ ದಿನಗಳಲ್ಲಿ ಇಂಡಿ ಕಡೆಯ ಚಾಚಾ ಬಂದು ಹೋದರು. ಕಬ್ಬು ಕಡಿಯುವ ಮಂದಿಗೆ ಅವರು ಮುಕಾದಮರು, ಅಂದರೆ ಮುಖ್ಯಸ್ಥರು. ಅವರ ಅಪ್ಪನೂ ಮುಕಾದಮರೇ, ಅಜ್ಜನೂ ಅದೇ. ಪ್ರತಿ ವರ್ಷ ಹಂಗಾಮು ಶುರುವಾಗುವ ಮೊದಲು ನಮ್ಮಲ್ಲಿ ಒಂದು ಊಟ ಮಾಡಿಯೇ ಮುಂದೆ ಹೋಗುವವರು. ಆ ವರ್ಷ ಅವರಿಗೆ ಒಂದೇ ಚಿಂತೆ. ತಮ್ಮ ಮಂದಿ ಮೈಮೇಲೆ ಎಚ್ಚರವಿಲ್ಲದೆ ಕೊಯ್ತಾ ಕತ್ತಿ ಬೀಸುತ್ತಾರೆ, ಕಬ್ಬು ಕಡಿಯುವ ಭರದಲ್ಲಿ ಪಕ್ಕದವರ ಕಾಲಿಗೇ ಪೆಟ್ಟು ಹಾಕುತ್ತಾರೆ ಅಂತ ಹಲುಬಿದರು. ತಮ್ಮ ಅವರ ಎದುರಿಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ನಾನು ಧಣಿಯ ಚಿಂತೆಯಲ್ಲಿದ್ದೆ, ಆ ಕಡೆ ಗಮನ ಕೊಡಲಿಲ್ಲ.

ಒಂದು ಬೆಳಗ್ಗೆ ಹಂಚಿನ ಮೇಲೆ ರೊಟ್ಟಿ ಹಾಕಿ ಇನ್ನೊಂದನ್ನು ಬಡಿಯುತ್ತಿದ್ದೆ. ತಮ್ಮ ಹಾಸಿಗೆ ಸುರುಳಿ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದ.

“ಅಕ್ಕಾ, ನಾ ಗ್ಯಾಂಗಿಗೆ ಸೇರೇನಿ. ಬರ್ತೇನಿ” ಅಂದ. ಅಂದವನೇ ತಿರುಗಿದ.

“ಯಾ ಗ್ಯಾಂಗೋ?” ಅಂದೆ. ಅವನ ಎಡಗಿವಿ ನನ್ನ ಕಡೆಗಿತ್ತು. ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಹೊರಗೆ ಗಾಡಿ ಹೊರಟ ಸದ್ದು ಕೇಳಿತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾಯಿತು.

ಎದುರಿನ ಪಾನ್ ಅಂಗಡಿಯವನನ್ನು ಕೇಳಿದೆ. ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವತ್ತು ಅನ್ನ ಇಳಿಯುವುದಿಲ್ಲ. “ಗಾಡಿ ತುಂಬ ಮಂದಿ ಇದ್ರು ಅಕ್ಕಾರ. ಎಲ್ಲಾರೂ ಮಾರಿಗೆ ಅರಬಿ ಸುತ್ಕೊಂಡಿದ್ರು. ಕೈಯಾಗ ಕೊಯ್ತಾ ಥಳಥಳ ಅನ್ನಾಕತ್ತಿದ್ವು” ಅಂದ. ಚಳಿಗಾಲದ ಬೆಳಗ್ಗೆ ಯಾರಾದರೂ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಾರೆ ಅನ್ನುವುದು ಆಗ ನನ್ನ ತಲೆಗೆ ಹೋಗಲಿಲ್ಲ.

ಫೋನು ಮಾಡಿದರೆ ಹತ್ತುತ್ತಿರಲಿಲ್ಲ. ಕೆಲವು ದಿನ ಬಿಟ್ಟು ಅವನೇ ಮಾಡಿದ. ಹಿಂದೆ ವಿಪರೀತ ಗದ್ದಲ. “ಆರಾಮ ಅದೇನಿ ಅಕ್ಕಾ. ಮಂದಿಗೆ ಟ್ರೇನಿಂಗ್ ಕೊಡಾಕತ್ತೇನಿ. ಈಗ ನಮ್ಮ ಗ್ಯಾಂಗಿಗೆ ಮಿಲಿಟ್ರಿ ಗ್ಯಾಂಗು ಅಂತ ಹೆಸರು ಬಿದ್ದೈತಿ” ಅಂದ. ದನಿಯಲ್ಲಿ ಖುಷಿಯೋ ಖುಷಿ. ನಾನು ಬಾಯಿ ತೆಗೆಯುವುದರೊಳಗೆ ಕರೆ ಕಟ್ಟಾಯಿತು. ಕೆಟ್ಟದ್ದು ಮಾಡಿ ಅಳುವವನನ್ನಾದರೂ ತಿದ್ದಬಹುದು, ಕೆಟ್ಟದ್ದು ಮಾಡಿ ಖುಷಿಪಡುವವನನ್ನು ಏನು ಮಾಡುವುದು? ಆ ದಿನ ನನ್ನ ಪುಂಡಿಪಲ್ಯಕ್ಕೆ ಉಪ್ಪು ಎರಡು ಸಲ ಬಿತ್ತು. ಉಂಡವರು ಚರಿಗೆ ಚರಿಗೆ ನೀರು ಕುಡಿದು ಹೋದರು.

ಮರುದಿನ ಪೊಲೀಸ್ ಸ್ಟೇಶನ್ನಿಗೆ ಹೋದೆ. ಒಡಹುಟ್ಟಿದವನ ಮೇಲೆ ದೂರು ಕೊಡಲು ಹೋಗುವ ಕಾಲುಗಳು ಹೇಗಿರುತ್ತವೆ ಅನ್ನುವುದು ಹೋದವರಿಗೇ ಗೊತ್ತು. ಆದರೂ ಹೋದೆ. ಜೈಲಿನಲ್ಲಿದ್ದರೆ ರೊಟ್ಟಿ ಕಟ್ಟಿಕೊಂಡು ಹೋಗಿ ನೋಡಿಕೊಂಡು ಬರಬಹುದು, ಹೊಳೆಯ ದಂಡೆಯಲ್ಲಿ ಹೆಣವಾಗಿ ಬಿದ್ದರೆ ಏನು ಮಾಡಲಿ ಅಂತ ವಿಚಾರ ಮಾಡಿದೆ.

ಹೊಸ ಸಾಹೇಬರು ಮೈಸೂರು ಕಡೆಯವರು. ಹುಡುಗು ಮುಖ, ಮೆತ್ತಗಿನ ಮಾತು. ನಮ್ಮ ಕಡೆಯವರು ಕುಶಲ ಕೇಳಿದರೂ ಜಗಳಕ್ಕೆ ಬಂದಂತೆ ಅವರಿಗೆ ಕೇಳಿಸುತ್ತಿತ್ತು.

“ಕೂತ್ಕೊಳ್ಳಿ ಅಮ್ಮ. ನಿಧಾನವಾಗಿ ಹೇಳಿ” ಅಂದರು.

“ನನ್ನ ತಮ್ಮ ಗ್ಯಾಂಗಿಗೆ ಸೇರ್ಯಾನ್ರಿ. ಮಿಲಿಟ್ರ್ಯಾಗ ಇದ್ದಾಂವ. ಈಗ ಅಲ್ಲೆ ಎಲ್ಲಾರಿಗೂ ಟ್ರೇನಿಂಗ್ ಕೊಡಾಕತ್ತಾನಂತ. ಮಿಲಿಟ್ರಿ ಗ್ಯಾಂಗು ಅಂತ ಹೆಸರೂ ಇಟ್ಕೊಂಡಾರ್ರಿ.”

ಸಾಹೇಬರ ಕೈಯಲ್ಲಿನ ಚಹಾದ ಕಪ್ಪು ಕೆಳಗಿಳಿಯಿತು. “ಮಿಲಿಟ್ರಿ ಗ್ಯಾಂಗಾ?” ಅಂತ ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಎರಡು ಫೋನು ಮಾಡಿದರು. ಹೂವಿನ ಹಿಪ್ಪರಗಿಯ ಆಚೆ ಆ ಹೆಸರಿನ ಗ್ಯಾಂಗೊಂದು ಓಡಾಡುತ್ತಿರುವುದು ಹೌದು ಅಂತ ಆ ಕಡೆಯಿಂದ ಯಾರೋ ಹೇಳಿದರಂತೆ. ಗುರುತು ಹಿಡಿಯಲು ನಾನೂ ಬೇಕು ಅಂತ ಜೀಪಿಗೆ ಹತ್ತಿಸಿಕೊಂಡರು. ಹಿಂದೆ ಒಂದು ವ್ಯಾನಿನಲ್ಲಿ ಪೊಲೀಸರು.

ಜೀಪಿನಲ್ಲಿ ಸಾಹೇಬರು ಸುಮ್ಮನೆ ಕೂರಲಿಲ್ಲ. ಹಳೇ ಹವಾಲ್ದಾರರು ಹೇಳಿದ್ದನ್ನೇ ಇವರು ತಮ್ಮ ಭಾಷೆಯಲ್ಲಿ ಹೇಳಿದರು. “ಮಾಮೂಲಿ ರೌಡಿಗೆ ಮುಂದಿನ ನಿಮಿಷ ಏನು ಮಾಡಬೇಕು ಅಂತ ಗೊತ್ತಿರಲ್ಲ ಅಮ್ಮ. ತರಬೇತಿ ಆದವನಿಗೆ ಗೊತ್ತಿರುತ್ತೆ. ಅವನು ಹತ್ತು ಜನಕ್ಕೆ ಕಲಿಸಿದ ಅಂದ್ರೆ, ಒಂದು ಊರನ್ನೇ ಹೆದರಿಸಿ ಇಟ್ಕೋಬಹುದು.” ನಾನು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತೆ. ನನ್ನ ಬೆಂಚಿನ ತುದಿಯಲ್ಲಿ ನೆಟ್ಟಗೆ ಕೂತಿದ್ದ ಆ ಬೆನ್ನು ಕಣ್ಣಿಗೆ ಕಟ್ಟಿತ್ತು.

ಹೂವಿನ ಹಿಪ್ಪರಗಿ ದಾಟಿದ ಮೇಲೆ ಒಂದು ಮರದ ಕೆಳಗೆ ರೈತನೊಬ್ಬ ಕೂತಿದ್ದ. ಸಾಹೇಬರು ಜೀಪು ನಿಲ್ಲಿಸಿ, ದನಿ ತಗ್ಗಿಸಿ, “ಮಿಲಿಟ್ರಿ ಗ್ಯಾಂಗ್ ಗೊತ್ತಾ?” ಅಂತ ಕೇಳಿದರು.

“ಗೊತ್ತಿಲ್ದ ಏನ್ರಿ ಸಾಹೇಬ್ರ? ನಿನ್ನಿ ನಮ್ಮಲ್ಲೇ ಇದ್ರು” ಅಂದ ರೈತ, ನೆಂಟರ ಸುದ್ದಿ ಹೇಳುವವನಂತೆ.

“ಏನು ಮಾಡಿದರು?”

“ಕಡದು ಹಾಕಿದ್ರು ನೋಡ್ರಿ. ಹೊತ್ತು ಮುಳಗೂದ್ರೊಳಗ ಒಂದೂ ಬಿಡಲಿಲ್ಲ. ಏನ್ ಕಡಿಯೂದ್ರಿ ಅದು, ನೋಡಾಕ ಎರಡು ಕಣ್ಣು ಸಾಲದು.”

ಸಾಹೇಬರ ಕೈ ಸೊಂಟದ ಪಿಸ್ತೂಲಿನ ಮೇಲೆ ಹೋಯಿತು. “ನೀವು... ಪೊಲೀಸಿಗೆ ಹೇಳಲಿಲ್ವಾ?”

“ಪೊಲೀಸ್ರಿಗೆ ಯಾಕ್ರಿ? ಫ್ಯಾಕ್ಟರಿಗೆ ಹೇಳಿದ್ವಿ, ಟ್ರ್ಯಾಕ್ಟರ್ ಕಳಸಿದ್ರು, ತುಂಬ್ಕೊಂಡು ಹ್ವಾದ್ರು” ಅಂದ ರೈತ.

ಗ್ಯಾಂಗು. ಅಯ್ಯೋ ನನ್ನ ತಲೆಯೇ. ಕಬ್ಬು ಕಡಿಯುವ ಮಂದಿಯನ್ನು ನಮ್ಮ ಕಡೆ ಗ್ಯಾಂಗು ಅಂತಲೇ ಕರೆಯುವುದು. ಕೂಸುಗಳಿಗೂ ಗೊತ್ತಿರುವ ಮಾತು. ಹಂಗಾಮು ಬಂತೆಂದರೆ ನಮ್ಮ ಬೆಂಚಿನ ಮೇಲೇ ಎಲ್ಲರೂ ಗ್ಯಾಂಗು ಬಂತೇನು, ಗ್ಯಾಂಗು ಸಿಕ್ತೇನು ಅಂತಲೇ ಮಾತಾಡುವುದು. ಧಣಿಯ ಚಿಂತೆ ತಲೆಯಲ್ಲಿ ತುಂಬಿಕೊಂಡಿದ್ದ ನನಗೆ ಆ ಅರ್ಥವೇ ಮರೆತುಹೋಗಿತ್ತು. ಮುದ್ದೇಬಿಹಾಳದ ಕಡೆಯವನಾದ ಜೀಪಿನ ಡ್ರೈವರಿಗೂ ತಿಳಿದಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿದ, ಅವನ ಭುಜ ಕುಣಿಯುತ್ತಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಈಗ ಹೇಳಿದರೆ ಸಾಹೇಬರು ಜೀಪು ತಿರುಗಿಸುತ್ತಾರೆ, ನನಗೆ ತಮ್ಮನ ಮುಖ ನೋಡಬೇಕಿತ್ತು. ಬಿಟ್ಟಿ ಜೀಪು ಮತ್ತೆ ಯಾವಾಗ ಸಿಗುತ್ತದೆ?

ಮುಳವಾಡದ ಕಾಲುವೆಯ ನೀರು ಹರಿದ ಮೇಲೆ ಆ ಕಡೆ ಕಬ್ಬು ಆಳೆತ್ತರ ನಿಲ್ಲುತ್ತದೆ. ಒಂದು ಹೊಲದ ಬದುವಿನಲ್ಲಿ ಜೀಪು ನಿಂತಿತು. ಒಳಗಿನಿಂದ ಸೀಟಿ ಕೇಳಿತು. ಆಮೇಲೆ ನನ್ನ ತಮ್ಮನ ದನಿ:

“ಸಾವಧಾನ್!”

ಪೊಲೀಸರು ಬಗ್ಗಿ ಬದುವಿನ ಹಿಂದೆ ಕೂತರು. ನಾನು ಕೂರಲಿಲ್ಲ, ಸೀದಾ ಕಬ್ಬಿನೊಳಗೆ ನಡೆದೆ. “ಅಮ್ಮ, ಹೋಗ್ಬೇಡಿ, ನಿಲ್ಲಿ” ಅಂತ ಸಾಹೇಬರು ನನ್ನ ಹಿಂದೆ ಓಡಿ ಬಂದರು.

ಕಡಿದು ಖಾಲಿಯಾದ ಜಾಗದಲ್ಲಿ ಇಪ್ಪತ್ತರ ಮೇಲೆ ಮಂದಿ, ಗಂಡಸರು ಹೆಂಗಸರು, ಒಂದೇ ಸಾಲಿನಲ್ಲಿ ನಿಂತಿದ್ದರು. ಎಲ್ಲರ ಬಲಗೈಯಲ್ಲಿ ಕೊಯ್ತಾ. ಇಬ್ಬರ ನಡುವೆ ತೋಳು ಚಾಚಿದಷ್ಟು ಜಾಗ. ತಮ್ಮ ಸೀಟಿ ಊದಿದ, ಎಲ್ಲರೂ ಬಗ್ಗಿದರು, ಕೊಯ್ತಾಗಳು ಒಟ್ಟಿಗೆ ಇಳಿದವು, ಕಬ್ಬು ಒಂದೇ ಕಡೆಗೆ ವಾಲಿ ಬಿತ್ತು. ಮುಂದಿನ ಸಾಲಿಗೆ ಒಟ್ಟಿಗೆ ಹೆಜ್ಜೆ ಇಟ್ಟರು. ತುದಿಯಲ್ಲಿದ್ದ ಒಬ್ಬ ಅಜ್ಜಿ ಒಂದು ಹೆಜ್ಜೆ ಮುಂದೆ ಹೋದದ್ದಕ್ಕೆ ತಮ್ಮ, “ಆಯಿ, ಲೈನ್ ನೋಡಬೇ” ಅಂದ. ಅಜ್ಜಿ ಹಿಂದೆ ಸರಿದು ಸಾಲು ನೋಡಿಕೊಂಡಳು.

ಚಾಚಾ ಬದುವಿನಲ್ಲಿ ಬೀಡಿ ಸೇದುತ್ತ ಕೂತಿದ್ದವರು ಪೊಲೀಸರನ್ನು ಕಂಡು ಎದ್ದು ಬಂದರು. “ಬರ್ರಿ ಸಾಹೇಬ್ರ, ಬರ್ರಿ. ನಮ್ಮ ಗ್ಯಾಂಗ್ ನೋಡಾಕ ಬಂದ್ರೇನು? ಎಲ್ಲಾರೂ ಬರಾಕತ್ತಾರ್ರಿ. ಹ್ವಾದ ವರ್ಷ ಎಷ್ಟು ಮಂದಿ ಕಾಲು ಕಡಕೊಂಡಿದ್ರು. ಈ ಹುಡುಗ ಬಂದ ಮ್ಯಾಲ ಒಬ್ರಿಗೂ ಒಂದು ಗೀರು ಬಿದ್ದಿಲ್ಲ” ಅಂದರು.

ಸಾಹೇಬರು ಚಾಚಾನನ್ನು ನೋಡಿದರು, ಕಬ್ಬು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಅಷ್ಟರಲ್ಲಿ ತಮ್ಮ ಓಡಿ ಬಂದು ಸಾಹೇಬರ ಮುಂದೆ ಕಾಲು ಕೂಡಿಸಿ ನಿಂತು ಸೆಲ್ಯೂಟ್ ಹೊಡೆದ. ಸಾಹೇಬರ ಕೈ ತಾನಾಗಿಯೇ ಮೇಲೆದ್ದು ವಾಪಸ್ಸು ಸೆಲ್ಯೂಟ್ ಹೊಡೆಯಿತು. ಬದುವಿನ ಹಿಂದೆ ಕೂತಿದ್ದ ಪೊಲೀಸರೂ ಎದ್ದು ನಿಂತು ಹೊಡೆದರು. ಗ್ಯಾಂಗಿನವರು ಕೊಯ್ತಾ ಹಿಡಿದ ಕೈಯಲ್ಲೇ ಹೊಡೆದರು. ನಾನು ನಕ್ಕು ನಕ್ಕು ಕಡಿದ ಕಬ್ಬಿನ ಮೇಲೆ ಕೂತುಬಿಟ್ಟೆ. ಆಮೇಲೆ ಅಲ್ಲೇ ಅತ್ತೆ. ತಮ್ಮ ಗಾಬರಿಯಾಗಿ ಏನಾಯ್ತು ಅಕ್ಕಾ, ಏನಾಯ್ತು ಅಂತ ಕೇಳುತ್ತಲೇ ಇದ್ದ.

ಎಲ್ಲರೂ ಒಟ್ಟಿಗೆ ಉಂಡೆವು. ಕಟಕ ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ. ಸಾಹೇಬರು ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡು, “ಧಣಿ ನಿಮ್ಮನ್ನ ಕರೆದಿದ್ದ ಅಂತ ನಿಮ್ಮಕ್ಕ ಹೇಳಿದ್ರು. ಯಾಕೆ ಹೋಗಲಿಲ್ಲ?” ಅಂತ ತಮ್ಮನನ್ನು ಕೇಳಿದರು.

“ಹೋಗಿದ್ದೆ ಸರ್, ಒಂದಿನ” ಅಂದ ತಮ್ಮ. ನನ್ನ ಕೈಯ ರೊಟ್ಟಿ ಅಲ್ಲೇ ನಿಂತಿತು. “ಹುಡುಗರನ್ನ ಸಾಲಿನ್ಯಾಗ ನಿಂದರಿಸಿದ್ರು. ನಾ ಕೇಳಿದೆ, ಇವ್ರು ಯಾರನ್ನ ಕಾಯಬೇಕ್ರಿ ಅಂತ. ಧಣಿ ನಕ್ಕ. ನನ್ನ ಕಾಯಬೇಕು ಅಂದ. ಯಾರಿಂದ ಅಂದೆ. ಮಂದಿಯಿಂದ ಅಂದ. ಮಂದಿನ್ನ ಕಾಯಾಕ ಅಂತ ಕಲತಿದ್ದೆ ಸರ್, ಉಲ್ಟಾ ಮಾಡಾಕ ಬರಲಿಲ್ಲ. ಖರೇ ಹೇಳ್ತೇನಿ, ಮನಸು ಎಳದಿತ್ತು. ಅಲ್ಲೆ ಎಲ್ಲಾರೂ ಎದ್ದು ನಿಂತಿದ್ರು.” ಅಷ್ಟು ಹೇಳಿ ಉಳ್ಳಾಗಡ್ಡಿ ಗುದ್ದಿದ.

“ಹಂಗಾದರೆ ಇನ್ನೂ ಕರೀತಾನೆ. ಅವನು ಬಿಡೋನಲ್ಲ” ಅಂದರು ಸಾಹೇಬರು. ವಾಪಸ್ಸು ಬರುವಾಗ ಜೀಪಿನಲ್ಲಿ ಆ ಮಾತೇ ನನ್ನ ಜೊತೆ ಕೂತಿತ್ತು. ಹಂಗಾಮು ಮುಗಿದ ಮೇಲೆ ತಮ್ಮ ಮತ್ತೆ ಸಿಂದಗಿಗೆ ಬರುವವನೇ, ಬೆಂಚಿನ ತುದಿಯಲ್ಲಿ ಕೂರುವವನೇ.

ಆದರೆ ನಮ್ಮ ಸೀಮೆಯಲ್ಲಿ ಸುದ್ದಿ ಜೀಪಿಗಿಂತ ಮುಂದೆ ಓಡುತ್ತದೆ. ಪಾನ್ ಅಂಗಡಿಯವನು ಅದಕ್ಕೆ ಸುಣ್ಣ ಅಡಿಕೆ ಹಚ್ಚಿ ಎಲ್ಲರಿಗೂ ಕೊಟ್ಟಿದ್ದ. ಮಿಲಿಟ್ರಿ ಗ್ಯಾಂಗು ಅಂತ ಒಂದು ಬಂದೈತಿ, ಪೊಲೀಸರು ವ್ಯಾನು ತುಂಬಿಕೊಂಡು ಹಿಡಿಯಲು ಹೋಗಿದ್ದರು, ನೋಡಿದವರೇ ಸೆಲ್ಯೂಟ್ ಹೊಡೆದು ವಾಪಸ್ಸು ಬಂದರು. ಸುದ್ದಿ ಇಷ್ಟು. ಇದರಲ್ಲಿ ಒಂದು ಮಾತಾದರೂ ಸುಳ್ಳೇನು, ನೀವೇ ಹೇಳಿ.

ವಾರದೊಳಗೆ ಧಣಿ ಬಂದ. ಈ ಸಲ ಊಟ ಕೇಳಲಿಲ್ಲ. ಫೌಜಿ ಮೊದಲಿನಂತೆ ಬಾಗಿಲಲ್ಲಿ ನಿಂತ, ಕೈ ಹಿಂದೆ ಕಟ್ಟಿ, ಕಾಲು ಅ‌ಗಲಿಸಿ.

“ಅಕ್ಕಾರ, ನಿಮ್ಮ ತಮ್ಮ ಬ್ಯಾರೇ ಗ್ಯಾಂಗ್ ಕಟ್ಯಾನಂತಲ್ರಿ?” ಅಂದ ಧಣಿ.

ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಹೌದ್ರಿ” ಅಂದೆ.

“ಎಷ್ಟು ಮಂದಿ ಅದಾರು?”

“ಇಪ್ಪತ್ತರ ಮ್ಯಾಲ ಅದಾರ್ರಿ. ನಾನ ಕಣ್ಣಾರೆ ನೋಡಿ ಬಂದೇನಿ.”

“ಕೈಯಾಗ ಏನರ ಇರತೈತೇನು?”

“ಎಲ್ಲಾರ ಕೈಯಾಗೂ ಕೊಯ್ತಾ ಐತ್ರಿ. ಮುದುಕಿಯರ ಕೈಯಾಗೂ ಐತಿ. ಅಂವ ಸೀಟಿ ಊದಿದ ಅಂದ್ರ ಒಂದ ಏಟಿಗೆ ಎಲ್ಲಾರೂ ಬೀಸ್ತಾರ. ಒಂದಿನಕ್ಕ ಎಕರೆಗಟ್ಟಲೆ ಮಲಗಿಸ್ತಾರ್ರಿ.”

ಧಣಿಯ ಮುಖ ಸಣ್ಣದಾಯಿತು. ಅವನೂ ಇದೇ ಮಣ್ಣಿನವನು, ಗ್ಯಾಂಗು ಅಂದರೆ ಏನು ಅಂತ ಅವನಿಗೂ ಗೊತ್ತಿರಬೇಕಿತ್ತು. ಹಗಲೆಲ್ಲ ಬಡಿದಾಟದ್ದೇ ಧ್ಯಾನ ಇದ್ದವನಿಗೆ ಕೊಯ್ತಾ ಅಂದರೆ ಕಬ್ಬು ನೆನಪಾಗುವುದಿಲ್ಲ. ನನಗೇ ಆಗಿರಲಿಲ್ಲವಲ್ಲ. ಅವನು ಬಾಗಿಲ ಕಡೆ ತಿರುಗಿ, “ಏ ಫೌಜಿ, ನೀ ಏನರ ಕೇಳೀ ಏನು ಈ ಗ್ಯಾಂಗಿನ ಸುದ್ದಿ?” ಅಂದ.

ಫೌಜಿ ನನ್ನನ್ನು ನೋಡಿದ. ಅವನ ಅಪ್ಪ, ಅವ್ವ ಇಬ್ಬರೂ ಕಬ್ಬು ಕಡಿಯಲು ಹೋಗುತ್ತಿದ್ದವರು ಅಂತ ಚಾಚಾ ಅವತ್ತು ಹೊಲದಲ್ಲಿ ಊಟ ಮಾಡುತ್ತ ಹೇಳಿದ್ದರು. ಚಾಚಾನ ಗ್ಯಾಂಗಿನ ಜೋಳಿಗೆ ತೊಟ್ಟಿಲಲ್ಲೇ ಬೆಳೆದವನಂತೆ ಅವನು. ಅವನಿಗೆ ಎಲ್ಲ ಗೊತ್ತಿತ್ತು. ಒಂದು ಮಾತು ಅಂದಿದ್ದರೆ ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕು, ಸಂಜೆಯೊಳಗೆ ಹುಡುಗರನ್ನು ಹೊಲಕ್ಕೇ ಕಳಿಸಿ ತಮ್ಮನನ್ನು ಎತ್ತಿಸಿಕೊಂಡು ಬರುತ್ತಿದ್ದ.

“ಕೇಳೇನ್ರಿ” ಅಂದ ಫೌಜಿ. “ಭಾಳ ಶಿಸ್ತಿನ ಮಂದಿ. ಅವರ ತಂಟೆಗೆ ಹೋಗೂದು ಬ್ಯಾಡ್ರಿ.”

ಧಣಿ ಎದ್ದ. “ನಿಮ್ಮ ತಮ್ಮಗ ಹೇಳ್ರಿ ಅಕ್ಕಾರ, ನಾ ಕರದದ್ದು ಮರತುಬಿಡು ಅಂತ” ಅಂದು ಹೊರಗೆ ಹೋಗಿ ಗಾಡಿ ಹತ್ತಿದ. ಫೌಜಿ ಹಿಂದೆ ಉಳಿದ, ಒಂದು ಗಳಿಗೆ ಅಷ್ಟೇ. ತಾಟಿನಲ್ಲಿದ್ದ ಬಿಸಿ ರೊಟ್ಟಿಗಳನ್ನು ನೋಡಿದ. ನಾನು ಎರಡು ರೊಟ್ಟಿಯಲ್ಲಿ ಚಟ್ನಿ ಸುತ್ತಿ ಕೊಟ್ಟೆ. ತಗೊಂಡ. “ಚಾಚಾ ಆರಾಮ ಅದಾನೇನ್ರಿ?” ಅಂತ ಕೇಳಿದ. ಅದಾರಪ್ಪ ಅಂದೆ. ಹೋದ.

ಯುಗಾದಿಗೆ ತಮ್ಮ ಬಂದಾಗ ಇದನ್ನೆಲ್ಲ ಹೇಳಿದೆ. ಬಿಸಿಲಿಗೆ ಕರಿ ಬಡಿದಿದ್ದ, ಮೈ ಗಟ್ಟಿಯಾಗಿತ್ತು. ಸಂತೆಯಲ್ಲಿ ಅವನನ್ನು ಕಂಡ ರೈತರು, ಮುಂದಿನ ಸಲ ನಮ್ಮ ಹೊಲಕ್ಕ ಮೊದಲ ಬರ್ರಿ ಅಂತ ಎದ್ದು ನಿಂತು ಕರೆಯುತ್ತಿದ್ದರು. ನನ್ನ ಮಾತು ಮುಗಿಯುವವರೆಗೆ ಅವನು ನಗುತ್ತಿದ್ದ. ಫೌಜಿಯ ಮಾತು ಬಂದಾಗ ನಗು ನಿಂತಿತು.

“ಅಂವ ಹೆಂಗ ನಿಂತಿದ್ದ ಅಕ್ಕಾ?”

ಎದ್ದು ಬಾಗಿಲಲ್ಲಿ ನಿಂತು ತೋರಿಸಿದೆ. ಕೈ ಹಿಂದೆ, ಕಾಲು ಅಗಲ.

“ವಿಶ್ರಾಮ್” ಅಂದ ತಮ್ಮ. “ನಮ್ಮ ಕವಾಯತಿನ ನಿಲುವು ಅದು. ಅಂವ ಇನ್ನೂ ಮರತಿಲ್ಲ.”

ಈ ವರ್ಷ ಹಂಗಾಮಿಗೆ ಹೊರಡುವ ಹಿಂದಿನ ದಿನ ಅವನು ಕಂಬಾರರ ಓಣಿಗೆ ಹೋಗಿ ಕೊಯ್ತಾ ಹದ ಮಾಡಿಸಿಕೊಂಡು ಬಂದ. ನೋಡಿದರೆ ಎರಡು. ಹೊಸದಕ್ಕೆ ಹೊಸ ಹಿಡಿ ಹಾಕಿಸಿದ್ದ.

ನಾನು ಸುತ್ತು ಹಾಕಿ ಅವನ ಬಲಗಡೆಗೆ ಬಂದು ನಿಂತೆ. ಈಗ ಏನು ಕೇಳುವುದಿದ್ದರೂ ಅಲ್ಲೇ ನಿಂತು ಕೇಳುತ್ತೇನೆ. “ಯಾ ಗ್ಯಾಂಗಿಗೆ ಹೊಂಟೀ?” ಅಂದೆ.

“ಕಬ್ಬಿನ ಗ್ಯಾಂಗಿಗೆ ಅಕ್ಕಾ” ಅಂದ, ಶಾಲೆ ಮಕ್ಕಳು ಮಗ್ಗಿ ಒಪ್ಪಿಸುವಂತೆ.

“ಮತ್ತ ಈ ಎರಡನೇ ಕೊಯ್ತಾ ಯಾರಿಗೆ?”

ಅವನು ಎರಡನ್ನೂ ಗೋಣಿಚೀಲದಲ್ಲಿ ಸುತ್ತಿ, ಹುರಿ ಬಿಗಿದ.

“ಬಾಗಲದಾಗ ನಿಂತಿದ್ದಾಂವ ಬಂದ್ರ, ಅವಂಗ” ಅಂದ.